ಹದಿನೈದನೇ ರೀಲು

ಹಳೆಯ ಸಿನಿಮಾ ರೀಲುಗಳನ್ನು ಕೂಡಿಡುವ ಹುಚ್ಚರ ಒಂದು ಸಣ್ಣ ಗುಂಪಿದೆ. ಅವರಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆದರೂ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಸಿನಿಮಾ ನೋಡುತ್ತಾರೆ. ಎಲ್ಲಿ ಗೀರು ಬಿದ್ದಿದೆ, ಎಲ್ಲಿ ಸದ್ದು ಕರಕರ ಅಂದಿತು ಎಂದು ಮನಸ್ಸಿನಲ್ಲೇ ಬರೆದುಕೊಂಡು ತೃಪ್ತಿಯಿಂದ ಮನೆಗೆ ಹೋಗುತ್ತಾರೆ. ಈ ಗುಂಪಿನಲ್ಲಿ ಟೈಲ್ಸ್ ಅಂಗಡಿಯ ಸಾಹುಕಾರನಿಗೆ ಸಂಪೂರ್ಣಯ್ಯ ಎಂಬ ಹೆಸರಿತ್ತು. ತನ್ನಲ್ಲಿರುವುದೆಲ್ಲ ಸಂಪೂರ್ಣ ಪ್ರಿಂಟುಗಳೇ, ಅರೆಬರೆ ಮಾಲು ತನ್ನ ಹೊಸಿಲು ದಾಟುವುದಿಲ್ಲ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದುದಕ್ಕೆ ಅಂಟಿದ ಹೆಸರು ಅದು. ಹೊಗಳಿ ಇಟ್ಟದ್ದಲ್ಲ.

ಅಷ್ಟು ಕೊಚ್ಚಿಕೊಳ್ಳುವವನ ಮನೆಯಲ್ಲೇ ಒಂದು ಅರೆಬರೆ ಇತ್ತು. ಹದಿನೈದು ರೀಲಿನ ಒಂದು ಕಪ್ಪು ಬಿಳುಪು ಸಿನಿಮಾ. ಹದಿನಾಲ್ಕು ಡಬ್ಬಿ ಇದ್ದವು, ಕೊನೆಯದು ಇರಲಿಲ್ಲ. ಆ ಸಿನಿಮಾದ ಇನ್ನೊಂದು ಪ್ರಿಂಟು ಎಲ್ಲೂ ಉಳಿದಿಲ್ಲ ಎಂದು ಬಲ್ಲವರೆಲ್ಲ ಹೇಳುತ್ತಿದ್ದರು. ಹಿಂದೆ ಒಂದು ಪುಟ್ಟ ಥಿಯೇಟರು ನಡೆಸುತ್ತಿದ್ದ ಅಪ್ಪನಿಂದ ಬಂದ ಡಬ್ಬಿಗಳು ಅವು. ‘ನಮ್ಮಪ್ಪ ಕೈಯಾರೆ ದುಡ್ಡು ಕೊಟ್ಟು ಕೊಂಡದ್ದು’ ಎಂದು ಸಂಪೂರ್ಣಯ್ಯ ಹೇಳುತ್ತಿದ್ದ, ಗುಂಪಿನ ಪತ್ರಿಕೆಯಲ್ಲಿ ಬರೆದೂ ಇದ್ದ. ಮಹಡಿಯ ಮೇಲೆ ಕಟ್ಟಿಸಿದ ಇಪ್ಪತ್ತು ಕುರ್ಚಿಯ ಹೋಂ ಥಿಯೇಟರಿನ ಬಾಗಿಲ ಮೇಲೆ ಅಪ್ಪನ ಫೋಟೋ, ಅದರ ಮೇಲೆ ಬೀಳುವಂತೆ ಒಂದು ಪುಟ್ಟ ದೀಪ.

“ಕೊನೇನೇ ಗೊತ್ತಿಲ್ಲದ ಸಿನಿಮಾನ ಮಗು ಥರ ಸಾಕ್ತಿದ್ದೀರಿ,” ಎಂದು ಅವನ ಹೆಂಡತಿ ಹಂಗಿಸುತ್ತಿದ್ದಳು. “ನನಗೆ ಜ್ವರ ಬಂದ್ರೆ ಮನೇಲಿ ಒಂದು ಥರ್ಮಾಮೀಟರ್ ಇರಲ್ಲ. ಆ ಡಬ್ಬಿ ಕೋಣೆಗೆ ಮೂರು!”

ಒಂದು ದಿನ ಹಳೆಯ ಪ್ರೊಜೆಕ್ಟರ್ ಬಿಡಿಭಾಗ ಮಾರುವ ಗುಜರಿಯವನು ಮಾತಿನ ನಡುವೆ ಬಾಯಿಬಿಟ್ಟ. ಹಿಂದೆ ಊರಿನ ದೊಡ್ಡ ಥಿಯೇಟರನ್ನು ಕೆಡವಿದಾಗ, ಅಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಹಳೆಯ ಆಪರೇಟರ್ ಬಂದು ಒಂದೇ ಒಂದು ಡಬ್ಬಿಯನ್ನು ಬೇಡಿ ತೆಗೆದುಕೊಂಡು ಹೋಗಿದ್ದನಂತೆ. ಸಿನಿಮಾದ ಹೆಸರು ಕೇಳಿದ್ದೇ ಸಂಪೂರ್ಣಯ್ಯ ಅಂಗಡಿಯನ್ನು ಅರ್ಧ ದಿನಕ್ಕೇ ಮುಚ್ಚಿ ವಿಳಾಸ ಹಿಡಿದು ಹೊರಟ.

ಅದೊಂದು ಹಳೆಯ ಕಟ್ಟಡದ ಮೂರನೇ ಮಹಡಿ. ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಹೊಲಿಗೆ ಮಶೀನಿನ ಮುಂದೆ ಕೂತು ಶರ್ಟಿಗೆ ಕಾಲರ್ ಕೂರಿಸುತ್ತಿದ್ದಳು. ಆಪರೇಟರನ ಮಗಳು. ಬಂದವನನ್ನು ಕತ್ತೆತ್ತಿಯೂ ನೋಡಲಿಲ್ಲ. ಎಂಬತ್ತು ದಾಟಿದ ಆಪರೇಟರ್ ಒಳಗಿನಿಂದ ಡಬ್ಬಿ ತಂದು ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದೊಡನೆ ಘಾಟು ಮೂಗಿಗೆ ಬಡಿಯಿತು. ಕೊಳೆಯುತ್ತಿರುವ ಫಿಲ್ಮು ಹುಳಿ ವಾಸನೆ ಹೊಡೆಯುತ್ತದೆ. ಕುಗ್ಗಿ, ಸುರುಟಿ, ಕೊನೆಗೊಂದು ದಿನ ಪುಡಿಯಾಗುತ್ತದೆ. ಇದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಸಂಪೂರ್ಣಯ್ಯ ಮೊದಲ ಸುತ್ತು ಬಿಚ್ಚಿದ. ಸಿನಿಮಾದ ಹೆಸರು, ಪಕ್ಕದಲ್ಲಿ ಹದಿನೈದು ಎಂಬ ಅಂಕಿ.

“ಎಷ್ಟು ಕೊಡ್ಲಿ ಹೇಳಿ ಯಜಮಾನ್ರೇ. ನೀವು ಹೇಳಿದ್ದೇ ರೇಟು.”

“ದುಡ್ಡಿನ ಮಾತು ಆಮೇಲೆ. ಮೊದಲು ಯಾರ ಮಗ ಹೇಳು.”

ಸಂಪೂರ್ಣಯ್ಯ ಎದೆಯುಬ್ಬಿಸಿ ಅಪ್ಪನ ಥಿಯೇಟರಿನ ಗುರುತು ಹೇಳಿದ. ಹೊಲಿಗೆ ಮಶೀನು ಗಕ್ಕನೆ ನಿಂತಿತು. ಮುದುಕ ಡಬ್ಬಿಯ ಮುಚ್ಚಳ ಹಾಕಿ ತನ್ನ ಕಡೆಗೆ ಎಳೆದುಕೊಂಡ.

“ಹಾಗಾದ್ರೆ ಉಳಿದ ಹದಿನಾಲ್ಕು ನಿನ್ನ ಹತ್ರಾನೇ ಇರಬೇಕು.”

ನಲವತ್ತು ವರ್ಷದ ಹಿಂದಿನ ಸಂಗತಿ. ಆಗ ದೊಡ್ಡ ಥಿಯೇಟರಿಗೆ ಬಂದ ಪ್ರಿಂಟು, ಮಾಲೀಕನ ಕಣ್ಣು ತಪ್ಪಿಸಿ ಪುಟ್ಟ ಥಿಯೇಟರಿನಲ್ಲೂ ಓಡುತ್ತಿತ್ತು. ಒಂದೊಂದು ರೀಲು ಮುಗಿದಂತೆ ಆಪರೇಟರ್ ಅದನ್ನು ಚೀಲಕ್ಕೆ ಹಾಕಿ ಪ್ರೊಜೆಕ್ಟರ್ ಕ್ಯಾಬಿನ್ನಿನ ಹಿಂದಿನ ಕಿಟಕಿಯಿಂದ ಇಳಿಬಿಡುತ್ತಿದ್ದ. ಕೆಳಗೆ ಸೈಕಲ್ ಹಿಡಿದು ನಿಂತಿರುತ್ತಿದ್ದವನು ಸಂಪೂರ್ಣಯ್ಯನ ಅಪ್ಪ. ತಾಸು ತಡವಾಗಿ ಅಲ್ಲಿ ಶೋ ಶುರು, ಶೋ ಮುಗಿದ ಮೇಲೆ ಡಬ್ಬಿಗಳೆಲ್ಲ ವಾಪಸ್. ಒಂದು ದಿನ ಹದಿನೈದನೇ ರೀಲು ಮಶೀನಿನಲ್ಲಿ ಓಡುತ್ತಿದ್ದಾಗಲೇ ಹಂಚಿಕೆದಾರನ ಕಡೆಯವನು ಕ್ಯಾಬಿನ್ನಿಗೆ ನುಗ್ಗಿದ. ಮಿಕ್ಕವು ಎಲ್ಲಿ ಎಂದ. ಆಪರೇಟರ್ ಇದ್ದದ್ದನ್ನು ಇದ್ದಂತೆ ಹೇಳಿದ. ಅಲ್ಲಿಗೆ ಹೋಗಿ ಕೇಳಿದರೆ ಸಂಪೂರ್ಣಯ್ಯನ ಅಪ್ಪ ತಾನು ಆ ಡಬ್ಬಿಗಳ ಮುಖವನ್ನೇ ಕಂಡಿಲ್ಲ ಎಂದ. ಒಂಟಿ ಹದಿನೈದನೇ ರೀಲು ಯಾರಿಗೂ ಬೇಡವಾಗಿ ಕ್ಯಾಬಿನ್ನಿನಲ್ಲೇ ಉಳಿಯಿತು.

“ಫಿಲ್ಮು ಕರಗಿಸಿ ಅದರಲ್ಲಿರೋ ಬೆಳ್ಳಿ ತೆಗೆಯೋರಿಗೆ ಮಾರ್ಕೊಂಡಿದ್ದೀಯ ಅಂತ ನನ್ನ ಒಳಗೆ ಹಾಕಿದ್ರು,” ಎಂದ ಆಪರೇಟರ್. “ಒಂಬತ್ತು ತಿಂಗಳು. ಕೈಬೆಚ್ಚಗೆ ಮಾಡ್ಕೊಂಡು ರೀಲು ಕೊಟ್ಟಿದ್ದು ತಪ್ಪೇ, ನಾನು ಇಲ್ಲ ಅನ್ನಲ್ಲ. ಕದ್ದು ಮಾರಿದೋನಲ್ಲ ನಾನು. ಇವಳಿಗೆ ಗೊತ್ತು ಮಾಡಿದ್ದ ಗಂಡು ಬಿಟ್ಟುಹೋಯ್ತು. ಕಳ್ಳನ ಮಗಳು ಯಾರಿಗೆ ಬೇಕು? ಇವಳೂ ಅದನ್ನೇ ನಂಬಿದ್ದಾಳೆ. ಕೇಳು ಬೇಕಾದ್ರೆ.”

ಮಗಳು ಹಲ್ಲಿನಲ್ಲಿ ದಾರ ಕಡಿದಳು.

ಸಂಪೂರ್ಣಯ್ಯನಿಗೆ ಇದು ಹೊಸ ಸುದ್ದಿಯೇನಲ್ಲ. ಆಗ ಅವನಿಗೆ ಹತ್ತು ವರ್ಷ. ಅಪ್ಪ ಬೆವರು ಸುರಿಸುತ್ತ ಡಬ್ಬಿಗಳನ್ನು ಅಟ್ಟಕ್ಕೆ ಏರಿಸಿದ್ದನ್ನು ಕಣ್ಣಾರೆ ಕಂಡಿದ್ದ. ಡಬ್ಬಿ ಎಂಬ ಮಾತೆತ್ತಿದರೆ ಚರ್ಮ ಸುಲಿಯುತ್ತೇನೆ ಎಂದಿದ್ದ ಅಪ್ಪ. ಆದರೆ ಗೊತ್ತಿರುವುದನ್ನು ಒಪ್ಪಿಕೊಳ್ಳಬೇಕೆಂದು ಕಾನೂನಿದೆಯೇ?

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ,” ಎಂದ. “ಸತ್ತೋರ ಮೇಲೆ ಕೆಸರು ಎರಚೋಕೆ ನಾಚಿಕೆ ಆಗಲ್ವಾ? ನಮ್ಮಪ್ಪ ದುಡ್ಡು ಕೊಟ್ಟು ಕೊಂಡ ಪ್ರಿಂಟು ಅದು.”

“ಹೂಂ. ಹಾಗಾದ್ರೆ ಒಂದು ರೀಲು ತಗೊಂಡು ಬಾ. ಯಾವುದಾದ್ರೂ ಸರಿ. ತುದೀಲಿ ನನ್ನ ಗುರುತಿರುತ್ತೆ.”

ಒಂದು ರೀಲು ಹತ್ತು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಮುಗಿಯುವ ಮೊದಲು, ಮುಂದಿನ ರೀಲು ಹಾಕಿಟ್ಟ ಪಕ್ಕದ ಮಶೀನನ್ನು ಶುರು ಮಾಡಬೇಕು. ಅದಕ್ಕೆ ಎಚ್ಚರಿಕೆಯಾಗಿ ಆಪರೇಟರುಗಳು ಚಿತ್ರದ ಮೂಲೆಯಲ್ಲಿ ಸೂಜಿಯಿಂದ ಗೀರಿಕೊಳ್ಳುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಥರ. ಇವನದು ಕೊಕ್ಕೆ. ಚಿಕ್ಕವಳಿದ್ದಾಗ ಮಗಳು ಕ್ಯಾಬಿನ್ನಿನ ಸ್ಟೂಲಿನ ಮೇಲೆ ಕೂತು, ಪರದೆಯ ಮೂಲೆಯಲ್ಲಿ ಕೊಕ್ಕೆ ಮಿನುಗಿದೊಡನೆ ‘ಅಪ್ಪಾ, ಬಂತು’ ಎಂದು ಕೂಗುತ್ತಿದ್ದಳಂತೆ. ಅವಳಿಗೆ ಆ ಕೊಕ್ಕೆ ಮರೆಯುವಂಥದ್ದಲ್ಲ.

“ಅದು ನಿಮ್ಮನೇಲಿತ್ತು ಅಂತ ಇವಳ ಕಣ್ಣಿಗೆ ಬಿದ್ರೆ ಸಾಕು. ಆಮೇಲೆ ಈ ಡಬ್ಬಿ ಪುಕ್ಕಟೆ ತಗೊಂಡು ಹೋಗು. ನನಗೆ ನಿನ್ನ ದುಡ್ಡೂ ಬೇಡ, ಮುಖಾನೂ ಬೇಡ.”

ಇಷ್ಟು ಅಗ್ಗದ ಬೆಲೆಗೆ ಯಾರಿಗೆ ಸಿಕ್ಕೀತು? ಬೇರೆ ಯಾರಾಗಿದ್ದರೂ ಕುಣಿಯುತ್ತ ಮನೆಗೆ ಹೋಗುತ್ತಿದ್ದರು. ಸಂಪೂರ್ಣಯ್ಯ ಮಾತ್ರ ಹುಳ್ಳಗೆ ನಗುತ್ತ ಮೆಟ್ಟಿಲಿಳಿದ. ಕಾರಣವಿತ್ತು. ಎರಡು ವರ್ಷದ ಹಿಂದೆ ಆ ಹದಿನಾಲ್ಕು ರೀಲುಗಳನ್ನು ಗುಂಪಿನವರಿಗೆ ತೋರಿಸಿದಾಗ, ಮೂಲೆಯಲ್ಲಿ ಕೊಕ್ಕೆ ಬಂದಾಗಲೆಲ್ಲ ಅವರು ಕಿಸಕ್ಕನೆ ನಕ್ಕಿದ್ದರು. ಮಾನ ಹೋದಂತಾಗಿ ಇವನು ಒಂದು ವಾರ ಕೂತು, ಗೀರು ಬಿದ್ದ ಫಿಲ್ಮಿನ ಚೌಕಟ್ಟುಗಳನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ, ತುದಿಗಳನ್ನು ಟೇಪಿನಿಂದ ಸೇರಿಸಿ, ತುಂಡುಗಳನ್ನು ಕಸಕ್ಕೆ ಹಾಕಿದ್ದ. ನಾಲ್ಕು ಚೌಕಟ್ಟು ಹೋದರೆ ಸಿನಿಮಾ ಸಾಯುವುದಿಲ್ಲ ಎಂದುಕೊಂಡಿದ್ದ. ಪ್ರಿಂಟು ಚೊಕ್ಕಟವಾಗಿತ್ತು. ಹದಿನಾಲ್ಕರಲ್ಲಿ ಒಂದರಲ್ಲೂ ಕೊಕ್ಕೆ ಇರಲಿಲ್ಲ.

ಈಗಲೂ ಒಂದು ದಾರಿ ಇತ್ತು. ಹೋಗಿ, ಹೌದಮ್ಮ, ನಮ್ಮಪ್ಪ ಸುಳ್ಳು ಹೇಳಿದ, ನಿಮ್ಮಪ್ಪ ಕಳ್ಳ ಅಲ್ಲ ಎಂದರೆ ಮುಗಿಯುತ್ತಿತ್ತು. ಎರಡು ವಾಕ್ಯ. ಆದರೆ ಅವನ ನಾಲಿಗೆ ಅದಕ್ಕೆ ಹೊರಳಲಿಲ್ಲ. ಮಾತು ಗುಂಪಿಗೆ ಮುಟ್ಟಿದರೆ? ಕದ್ದ ಮಾಲು ಎಂದು ಗೊತ್ತಾದರೆ ಆ ಹೊಟ್ಟೆಕಿಚ್ಚಿನ ಮುಂಡೇವು ಪತ್ರಿಕೆಯ ಮುಖಪುಟದಲ್ಲೇ ಹಾಕುತ್ತವೆ. ಅಪ್ಪನ ಫೋಟೋಗೆ ಹಾಕಿದ ದೀಪ ಏನಾಗಬೇಕು?

ಅದಕ್ಕಿಂತ ಒಂದು ಕೊಕ್ಕೆ ಗೀರುವುದು ಸುಲಭವೆನಿಸಿತು. ಆರನೇ ರೀಲನ್ನು ಬೆಳಕಿನ ಮೇಜಿನ ಮೇಲೆ ಬಿಚ್ಚಿದ. ಕೊನೆಯಿಂದ ಹನ್ನೆರಡು ಅಡಿ ಹಿಂದೆ ಗುರುತು ಹಾಕಬೇಕು ಎಂದು ಅವನ ಎಲ್ಲ ಪುಸ್ತಕಗಳೂ ಒಂದೇ ಬಾಯಿಂದ ಹೇಳುತ್ತವೆ. ಅಳತೆಪಟ್ಟಿ ಹಿಡಿದು ಹನ್ನೆರಡು ಅಡಿ ಅಳೆದ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಸೂಜಿ ತಂದು, ಉಸಿರು ಬಿಗಿಹಿಡಿದು, ನಾಲ್ಕು ಚೌಕಟ್ಟಿನ ಮೂಲೆಯಲ್ಲಿ ಕೊಕ್ಕೆ ಗೀರಿ, ಹೊಸದೆಂದು ಕಾಣದಿರಲೆಂದು ಮಶೀನೆಣ್ಣೆಯನ್ನೂ ಧೂಳನ್ನೂ ಕಲಸಿ ಸವರಿದ. ತನ್ನ ಕೈಚಳಕಕ್ಕೆ ತಾನೇ ತಲೆದೂಗಿದ.

ಭಾನುವಾರ ಬೆಳಿಗ್ಗೆ ಡಬ್ಬಿ ಎತ್ತಿಕೊಂಡು ಮೂರು ಮಹಡಿ ಹತ್ತಿದ. ಈ ಸಲ ಮಗಳು ಹೊಲಿಗೆ ಮಶೀನು ಬಿಟ್ಟು ಎದ್ದು ಬಂದು ಮೇಜಿನ ಪಕ್ಕ ನಿಂತಳು. ಆಪರೇಟರ್ ರೀಲಿನ ಕೊನೆಯನ್ನು ಹಿಡಿದು, ಎರಡೂ ತೋಳು ಚಾಚಿ ಎಳೆದ. ಒಂದು ಮಾರು. ಮತ್ತೆ ಎಳೆದ. ಎರಡು ಮಾರು, ಅಂದರೆ ಹನ್ನೆರಡು ಅಡಿ. ಅಲ್ಲಿ ಕೊಕ್ಕೆ ಕಂಡಿತು. ಮಗಳ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು.

“ನೋಡಿದ್ರಾ?” ಎಂದ ಸಂಪೂರ್ಣಯ್ಯ. “ಇನ್ನು ಆ ಡಬ್ಬಿ ಕೊಡಿ.”

ಮುದುಕ ಕೈ ನಿಲ್ಲಿಸಲಿಲ್ಲ. ಇನ್ನೊಂದು ಮಾರು ಎಳೆದು, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಸವರಿದ. ಅಲ್ಲಿ ಟೇಪಿನ ಒಂದು ತೇಪೆ ಇತ್ತು.

“ನಮ್ಮ ಥಿಯೇಟರಿನ ಎರಡನೇ ಮಶೀನು ಮುದಿ ಕತ್ತೆ,” ಎಂದ ನಿಧಾನವಾಗಿ. “ಎದ್ದು ಓಡೋಕೆ ಅದಕ್ಕೆ ಜಾಸ್ತಿ ಹೊತ್ತು ಬೇಕಿತ್ತು. ಎಲ್ಲರೂ ಎರಡು ಮಾರಿಗೆ ಗೀರಿದ್ರೆ ನಾನು ಮೂರು ಮಾರಿಗೆ ಗೀರ್ತಿದ್ದೆ. ನನ್ನ ಗುರುತು ಇಲ್ಲಿತ್ತು. ಕತ್ತರಿಸಿ ತೆಗೆದಿದ್ದೀಯ. ತೆಗೆದಿದ್ದಲ್ಲದೆ, ನನ್ನ ಮುಂದೇನೇ ಸುಳ್ಳು ಗೀರ್ಕೊಂಡು ಬಂದಿದ್ದೀಯ.”

ಸಂಪೂರ್ಣಯ್ಯ ತಾನು ಕತ್ತರಿಸಿದ ಜಾಗವನ್ನು ತಾನೇ ಮರೆತು ಪುಸ್ತಕ ನಂಬಿದ್ದ.

“ಅಪ್ಪನಿಗೆ ತಕ್ಕ ಮಗ,” ಎಂದ ಆಪರೇಟರ್. ಮಗಳ ಕಡೆ ತಿರುಗಿದ. “ನೋಡಮ್ಮ, ಗುರುತು ಇಲ್ಲ. ಇರೋದು ತೇಪೆ ಮಾತ್ರ. ನೀನು ಏನು ಬೇಕಾದ್ರೂ ಅಂದ್ಕೋ. ಒಳಗೆ ಬಾ, ನಿನಗೆ ಸಿನಿಮಾ ತೋರಿಸ್ತೀನಿ.”

ಹದಿನೈದನೇ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗಿನ ಕೋಣೆಗೆ ಹೋದ. ತೆರೆದ ಬಾಗಿಲಿನಿಂದ ಸಂಪೂರ್ಣಯ್ಯನಿಗೆ ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯೂ ಮುಕ್ಕಾಲಿಯ ಮೇಲೆ ಕೂತ ಹಳೆಯ ಪ್ರೊಜೆಕ್ಟರೂ ಕಂಡವು. ಕುಗ್ಗಿಹೋದ ಫಿಲ್ಮಿನ ಅಂಚಿನ ತೂತುಗಳು ಆ ಯಂತ್ರದ ಹಲ್ಲಿಗೆ ಕೂರುವುದಿಲ್ಲ. ಓಡಿದರೆ ಉದ್ದಕ್ಕೂ ಹರಿದುಹೋಗುತ್ತದೆ. ಅದು ಇವನಿಗಿಂತ ಚೆನ್ನಾಗಿ ಮುದುಕನಿಗೆ ಗೊತ್ತು. ಇವನು ಎದ್ದು ಓಡುವಷ್ಟರಲ್ಲಿ ಮಗಳು ಒಳಗೆ ಹೋಗಿ ಚಿಲಕ ಹಾಕಿಯಾಗಿತ್ತು.

“ಬೇಡ! ಓಡಿಸ್ಬೇಡಿ, ಹರಿದುಹೋಗುತ್ತೆ!” ಬಾಗಿಲಿಗೆ ಎರಡೂ ಕೈಯಿಂದ ಬಡಿದ. “ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದೇ ಇರೋದು!”

ಯಂತ್ರ ಗುರುಗುಟ್ಟಿತು. ಒಳಗಿನಿಂದ ಒಂದು ಹೆಣ್ಣಿನ ದನಿ ಕೇಳಿತು. ಹದಿನಾಲ್ಕು ರೀಲಿನ ಉದ್ದಕ್ಕೂ ಅವನು ಬಲ್ಲ ದನಿ ಅದು, ಅವನೆಂದೂ ಕೇಳದ ಮಾತು ಆಡುತ್ತಿತ್ತು. ಅದರ ಕೆಳಗೇ ಕಟಕಟ ಎಂಬ ಸದ್ದು, ತೂತುಗಳ ಅಂಚು ಒಂದೊಂದಾಗಿ ಹರಿಯುವುದು. ಇಡೀ ಜನ್ಮದಲ್ಲಿ ಯಾರಿಗೂ ಮರುಗದವನು ಆ ಹರಿಯುವ ಪಟ್ಟಿಗೆ ಅತ್ತುಬಿಟ್ಟ.

“ಹೇಳ್ತೀನಿ! ನಿಲ್ಸಿ, ಹೇಳ್ತೀನಿ! ನಮ್ಮಪ್ಪಾನೇ ಇಟ್ಕೊಂಡಿದ್ದು! ಹದಿನಾಲ್ಕೂ ಅಟ್ಟದ ಮೇಲಿಟ್ಟ, ನಾನೇ ನೋಡಿದ್ದೀನಿ! ಪೊಲೀಸ್ರಿಗೆ ಸುಳ್ಳು ಹೇಳ್ದ! ನಿಮ್ಮಪ್ಪ ಮಾರಿಲ್ಲ ಕಣಮ್ಮಾ, ಒಂದನ್ನೂ ಮಾರಿಲ್ಲ! ಕೊಕ್ಕೆ ಕತ್ತರಿಸಿದ್ದೂ ನಾನೇ! ಈಗಲಾದ್ರೂ ನಿಲ್ಸಿ!”

ಮಹಡಿಯ ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲು ತೆರೆದು ಬಂದು ಮೆಟ್ಟಿಲ ಮೇಲೆ ನಿಂತರು. ಇವನು ಕೂಗಿದ್ದನ್ನೇ ಮತ್ತೆ ಕೂಗಿದ, ಇನ್ನಷ್ಟು ಜೋರಾಗಿ. ಯಂತ್ರ ನಿಲ್ಲಲಿಲ್ಲ. ಒಳಗೆ ಯಾರೋ ನಕ್ಕರು, ಯಾವುದೋ ವಾಹನ ಹೊರಟಿತು, ಸಂಗೀತ ಏರಿತು, ನಡುವೆ ತುಂಡಾಯಿತು, ಮತ್ತೆ ಸೇರಿತು. ಹನ್ನೊಂದು ನಿಮಿಷ ಕಳೆದ ಮೇಲೆ ಬರಿಯ ಚಕ್ರ ತಿರುಗುವ ಸದ್ದು ಉಳಿಯಿತು.

ಚಿಲಕ ತೆಗೆದು ಮಗಳು ಹೊರಬಂದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರ ತುಂಬ ಅಂಚು ಹರಿದು ಸುರುಟಿದ ಫಿಲ್ಮಿನ ಚೂರುಗಳು.

“ತಗೊಳ್ಳಿ. ಕೊಡ್ತೀನಿ ಅಂದಿದ್ರಲ್ಲ ಅಪ್ಪ, ಕೊಟ್ಟಿದ್ದಾರೆ. ನಿಮ್ಮ ಆರನೇ ಡಬ್ಬಿ ಅಲ್ಲೇ ಇದೆ, ಅದನ್ನೂ ಎತ್ಕೊಳ್ಳಿ.”

ಸಂಪೂರ್ಣಯ್ಯ ಚೀಲ ಹಿಡಿದು ಮೂಗು ಒರೆಸಿಕೊಂಡ. ಇಷ್ಟಾದ ಮೇಲೂ ಅವನ ಬಾಯಲ್ಲಿ ಬಂದದ್ದು ಒಂದೇ ಮಾತು.

“ಕೊನೇಲಿ ಏನಾಯ್ತು? ನೀವು ನೋಡಿದ್ರಲ್ಲ, ಹೇಳಿ ಅಮ್ಮ. ಆ ನಾಯಕಿ ಹೊರಟುಹೋದ್ಲಾ, ಉಳ್ಕೊಂಡ್ಲಾ?”

ಅವಳು ಅವನನ್ನು ಮೊದಲ ಸಲ ನೇರವಾಗಿ ನೋಡಿದಳು. ಕಣ್ಣುಗಳು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

“ನಾನು ಪರದೆಗೆ ಬೆನ್ನು ಹಾಕಿ ನಿಂತಿದ್ದೆ. ಬಾಗಿಲಿಗೆ ಕಿವಿ ಕೊಟ್ಟು ನೀವು ಕೂಗೋದು ಕೇಳ್ತಿದ್ದೆ. ನಲವತ್ತು ವರ್ಷ ನಮ್ಮಪ್ಪನ ಮುಖಕ್ಕೆ ಕಳ್ಳ ಅಂದವಳು ನಾನು. ನನಗೆ ನಿಮ್ಮ ಸಿನಿಮಾ ಯಾಕ್ರೀ?”

ಬಾಗಿಲು ಮುಖಕ್ಕೆ ಬಡಿಯುವಂತೆ ಮುಚ್ಚಿಕೊಂಡಿತು. ಮೆಟ್ಟಿಲ ಮೇಲೆ ನಿಂತವರು ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಸಂಪೂರ್ಣಯ್ಯ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಚೀಲ ಹಿಡಿದು, ಗೋಡೆಗೆ ಒತ್ತಿಕೊಂಡು ಅವರ ನಡುವೆಯೇ ಇಳಿದ.