ಬಾಗಿಲು ತೆರೆಯುವವರೆಗೆ

ಬೇಸ್‌ಬಾಲ್ ಎಸೆತಗಾರ ಎಲಾಡಿಯೊನಿಗೆ ಮೂವತ್ತೇಳು ವರ್ಷ. ಭುಜ ಸವೆದು ಚೆಂಡಿನ ವೇಗ ಇಳಿದಾಗ ಚಳಿಗಾಲದಲ್ಲಿ ಕದ್ದು ನಿಷೇಧಿತ ಮದ್ದಿನ ಸೂಜಿ ಚುಚ್ಚಿಸಿಕೊಂಡ, ವಸಂತದ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಎಂಬತ್ತು ಪಂದ್ಯ ನಿಷೇಧ. ಈ ವಯಸ್ಸಿನ ಎಸೆತಗಾರನಿಗೆ ಅಷ್ಟು ದಿನವೆಂದರೆ ಕತೆ ಮುಗಿದಂತೆಯೇ. ಮಾಡಿದ್ದುಣ್ಣೋ ಮಹರಾಯ.

ಬೇಸ್‌ಬಾಲಿನ ಕಾನೂನು ಮಾತ್ರ ವಿಚಿತ್ರ. ನಿಷೇಧವಾದವನು ತಂಡದೊಂದಿಗೆ ಅಭ್ಯಾಸ ಮಾಡಬಹುದು, ಆದರೆ ಜನರಿಗೆ ಬಾಗಿಲು ತೆರೆಯುವ ಮೊದಲು ಮೈದಾನ ಬಿಡಬೇಕು. ಹಸಿದವನನ್ನು ಒಗ್ಗರಣೆಯ ವಾಸನೆ ಕುಡಿಸಿ ಎಲೆಯಿಂದ ಎಬ್ಬಿಸಿದ ಹಾಗೆ! ದಿನವೂ ಸಂಜೆ ಐದೂವರೆಗೆ ಹೊರಬಿದ್ದು ಕಾರಿನಲ್ಲಿ ಕುಳಿತು ಜನರ ಕೂಗು ಕೇಳುತ್ತಿದ್ದ. ಆ ಕೂಗಿಗಾಗಿ ಅವನ ಜೀವ ಹಾತೊರೆಯುತ್ತಿತ್ತು.

ಅಂಥದ್ದರಲ್ಲಿ ಕಡಲಾಚೆಯ ಹುಟ್ಟೂರು ಸಾನ್ ಪೆದ್ರೊದಿಂದ ತಾಯಿ ಮೆಲಿದಾ ಬಂದಳು. ಎರಡು ಸಲ ತಪ್ಪಿದ ವೀಸಾ ಈಗ ಸಿಕ್ಕಿತ್ತು. ಹದಿನೈದು ವರ್ಷ ಮಗನ ಆಟವನ್ನು ರೇಡಿಯೊದಲ್ಲೇ ಕೇಳಿದವಳು. ಸೂಜಿಯ ಸುದ್ದಿ ಎತ್ತಿದ ನೆರೆಯವರ ಮೇಲೆ ಪೊರಕೆ ಹಿಡಿದು ಜಗಳಕ್ಕೆ ಹೋದವಳು. ಭುಜ ನೋವು, ಅದಕ್ಕೇ ಆಡುತ್ತಿಲ್ಲ ಎಂದು ಮಗ ಹೇಳಿದ್ದನ್ನೇ ನಂಬಿದ್ದಳು. ಒಮ್ಮೆಯಾದರೂ ಅವಳ ಕಣ್ಣೆದುರು ಎಸೆಯಬೇಕೆಂದು ಎಲಾಡಿಯೊ ತರಬೇತುದಾರನನ್ನು ಕಾಡಿ ಬೇಡಿ, ಅಭ್ಯಾಸದ ಹೊತ್ತಿಗೆ ಅವಳನ್ನು ಒಳಗೆ ಕರೆತಂದ.

ಖಾಲಿ ಆಸನಗಳ ನಡುವೆ ಒಬ್ಬಳೇ ಕುಳಿತು ಮೆಲಿದಾ ಪ್ರತಿ ಎಸೆತಕ್ಕೂ ಚಪ್ಪಾಳೆ ತಟ್ಟಿದಳು. ಎಲಾಡಿಯೊ ನಲವತ್ತು ಸಲ ಎಸೆದ. ಇಷ್ಟು ಸುಖವಾಗಿ ಎಸೆದು ಎಷ್ಟು ಕಾಲವಾಗಿತ್ತೋ.

ಬಾಗಿಲು ಕಾಯುವ ಹಾರ್ಲನ್ ಕೆಳಗಿಳಿದು ಬಂದ. "ಹೊತ್ತಾಯ್ತು ಕಣಪ್ಪ. ಅಮ್ಮ ಬೇಕಾದ್ರೆ ಇರ್ಲಿ, ನೀನು ಹೊರಡು."

"ಯಾಕಂತೆ?" ಎಂದಳು ಮೆಲಿದಾ. "ಪೆಟ್ಟಾದೋರೂ ತಂಡದ ಜೊತೆ ಕೂರ್ತಾರಲ್ಲೋ. ರೇಡಿಯೊದಲ್ಲಿ ಹೇಳ್ತಾರೆ, ನಂಗೊತ್ತು."

ಇನ್ನು ಸುಳ್ಳು ಹೇಳಲು ಜಾಗವಿರಲಿಲ್ಲ. "ಅಮ್ಮಾ, ನೆರೆಯೋರು ಅಂದಿದ್ದು ನಿಜ. ಸೂಜಿ ಹಾಕಿಸ್ಕೊಂಡೆ."

ಅವಳು ಅವನ ಭುಜವನ್ನು ದಿಟ್ಟಿಸಿದಳು. ಆಮೇಲೆ ಕೇಳಿದಳು: "ನಾನು ಇಷ್ಟು ವರ್ಷ ಕೇಳಿದ್ರಲ್ಲಿ ನಿಂದೆಷ್ಟು, ಸೂಜೀದೆಷ್ಟು?"

"ಎಲ್ಲಾ ನಂದೇ ಅಮ್ಮಾ. ಈ ಒಂದು ಚಳಿಗಾಲ ಬಿಟ್ಟು."

ಅದು ಸತ್ಯವೇ. ಆದರೆ ಸಿಕ್ಕಿಬಿದ್ದವನ ಬಾಯಲ್ಲಿ ಸತ್ಯವೂ ತೊದಲಿತು. ನಂಬಿದೆ ಅಂತ ಒಂದು ಮಾತು ಅವಳಿಂದ ಬರಲಿ ಎಂದು ಕಾದ. ಮೇಲೆ ಬಾಗಿಲುಗಳು ತೆರೆದು ಜನ ನುಗ್ಗತೊಡಗಿದರು.

"ಬಾ ಅಮ್ಮಾ, ಮನೆಗೆ ಹೋಗೋಣ."

ಮೆಲಿದಾ ಏಳಲಿಲ್ಲ. "ನೀನು ನಡಿ. ನಾನು ಆಟ ನೋಡ್ಕೊಂಡ್ ಬರ್ತೀನಿ."

"ಯಾರ ಆಟ?"

"ನಿನ್ ಜಾಗದಲ್ಲಿ ಯಾವನೋ ಎಸೀತಾನಲ್ಲ," ಎಂದಳು ಮೈದಾನದಿಂದ ಕಣ್ಣು ತೆಗೆಯದೆ, "ಅವನದು."