ನಿಂತವಳ ಗಡಿಯಾರ

ಸ್ಟೀಲ್ ಲೋಟಕ್ಕೆ ಚಮಚ ಬಡಿದ ಸದ್ದು, ಟಿಣ್ ಟಿಣ್ ಎಂದು, ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಗೋಡೆ ದಾಟಿ ಬರುತ್ತದೆ. ಅದರ ಬೆನ್ನಿಗೇ ಪಕ್ಕದ ಮನೆಯ ನಳಿನಿಯವರ ಹೆಜ್ಜೆ, ಎಡಗಾಲು ತುಸು ಎಳೆದಂತೆ. ಹಾಸಿಗೆ ಹಿಡಿದು ಲೋಟ ಬಡಿಯುವ ಅವರ ಅವ್ವನಿಗೆ ಬೇಕಾದದ್ದು ನೀರಲ್ಲ, ಮಗಳು ಮನೆಯಲ್ಲಿದ್ದಾಳೆಂಬ ಖಾತ್ರಿ. ಭೌತಶಾಸ್ತ್ರದ ಉಪನ್ಯಾಸಕಿಯಾದ ನಳಿನಿಯವರು ಗಡಿಯಾರವನ್ನು ಕೈಗೆ ಕಟ್ಟುವುದಿಲ್ಲ, ಸೆರಗಿಗೆ ಪಿನ್ನಿನಿಂದ ಸಿಕ್ಕಿಸಿಕೊಳ್ಳುತ್ತಾರೆ. ಕೈಗಿದ್ದರೆ ಅವ್ವನನ್ನು ಎತ್ತುವಾಗ ತರಚುತ್ತದೆ.

ಸಾಪೇಕ್ಷತೆಯ ಪಾಠಕ್ಕೆ ಅವರ ಉದಾಹರಣೆ ಒಂದೇ: ತಾನು ಮತ್ತು ಅವಳಿ ತಂಗಿ ಶೋಭಾ. ಒಬ್ಬಳು ಬೆಳಕಿನ ವೇಗದ ಸಮೀಪಕ್ಕೆ ಓಡುವ ನೌಕೆಯೇರಿ ದೂರ ಹೋಗಿ ತಿರುಗಿ ಬರುತ್ತಾಳೆ, ಇನ್ನೊಬ್ಬಳು ಭೂಮಿಯಲ್ಲೇ ಉಳಿಯುತ್ತಾಳೆ; ಮತ್ತೆ ಭೇಟಿಯಾದಾಗ ಹೋಗಿಬಂದವಳ ಗಡಿಯಾರ ಹಿಂದಿರುತ್ತದೆ, ವಯಸ್ಸೂ ಕಡಿಮೆ. ನಮ್ಮ ರೈಲು, ವಿಮಾನಗಳ ವೇಗಕ್ಕೆ ಆ ಅಂತರ ಅನುಭವಕ್ಕೇ ಬಾರದಷ್ಟು ಸಣ್ಣದೆಂದು ಸೇರಿಸಲು ಮರೆಯುವುದಿಲ್ಲ. ಆದರೂ, ವರ್ಗವಾಗುತ್ತಲೇ ಇದ್ದ ಗಂಡನ ಹಿಂದೆ ಊರೂರು ತಿರುಗಿದ ಶೋಭಾ ಈ ಬೇಸಿಗೆಯಲ್ಲಿ ನಾಶಿಕದಿಂದ ಬಂದಾಗ, ಚಹಾಕ್ಕೆಂದು ಹೋಗಿದ್ದ ನನ್ನೆದುರೇ ನಳಿನಿಯವರು ಕೆಣಕಿದರು: "ನೌಕೆಯಿಂದ ಇಳದ್ಯಾ? ನೋಡ್ರಿ, ಈಕಿ ಕೂದಲ ಇನ್ನೂ ಕರ್ರಗ ಅದಾವ."

"ಬಣ್ಣ ಅದು, ಹುಚ್ಚಿ" ಎಂದು ನಕ್ಕ ಶೋಭಾ, ನಗು ನಿಲ್ಲಿಸಿ ಹೇಳಿದರು: "ಅವ್ವನ್ನ ಎರಡು ತಿಂಗಳ ನಾಶಿಕಕ್ಕ ಕರಕೊಂಡ ಹೋಗ್ತೀನಿ. ನೀ ಒಂಚೂರು ಮಲಗು."

"ಒಂದ ಕಡೆ ನಿಂತಾಕಿ ಅಲ್ಲ ನೀ. ಆಕಿನ್ನ ಹೆಂಗ ನೋಡ್ಕೋತಿ?"

"ಓಡೋರಿಗೆ ತಮ್ಮ ಗಡಿಯಾರ ನಿಧಾನ ಅನಸೂದಿಲ್ಲಂತ ನೀನ ಹೇಳ್ತಿ. ನನಗೂ ಭಾಳ ದಣಿವಾಗೈತಿ, ನಳಿನಿ. ಆದ್ರ ಅವ್ವ ಇರೂತನಾ ನನಗೂ ಆಕಿ ಬೇಕು."

ನಳಿನಿಯವರು ತಣ್ಣಗಾದ ಚಹಾದ ಕಪ್ಪುಗಳನ್ನು ಒಂದೆಡೆ ಸೇರಿಸತೊಡಗಿದರು. ಇಂಥವರನ್ನು ನಾವು ನಿಂತವರೆಂದು ಕರೆಯುತ್ತೇವೆ. ಅಡುಗೆಮನೆಗೂ ಹಾಸಿಗೆಗೂ ನಡುವೆ ಅವರು ಸವೆಸಿದ ದಾರಿಯನ್ನು ಯಾರೂ ಪ್ರಯಾಣವೆನ್ನುವುದಿಲ್ಲ, ಮತ್ತು ಆ ದಾರಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಅವರಿಗೆ ನಡೆಯುವುದಕ್ಕಿಂತ ಕಷ್ಟ.

"ರೈಲಿನಾಗ ಕೆಳಗಿನ ಬರ್ತ್ ತಗೋ" ಎಂದರು ಕೊನೆಗೆ. "ಆಕಿ ಬಡಿಯೂ ಲೋಟನ ಒಯ್ಯಿ, ಬ್ಯಾರೆ ಸಪ್ಪಳ ಆಕಿಗೆ ಗುರ್ತಾಗೂದಿಲ್ಲ. ಬಡದ ಕೂಡಲೇ ಎದ್ದು ಹೋಗು, ನೀರಲ್ಲ ಆಕಿಗೆ ಬೇಕಾದ್ದು..."

ಟಿಣ್ ಟಿಣ್.

"ನೀ ಕುಂದರು, ನಾ ಹೋಗ್ತೀನಿ" ಎಂದು ಶೋಭಾ ಏಳುವಷ್ಟರಲ್ಲಿ, ಮಾತನ್ನು ಅಲ್ಲೇ ಬಿಟ್ಟು, ಎಡಗಾಲು ಎಳೆಯುತ್ತ ನಳಿನಿಯವರು ಒಳಗೆ ನಡೆದುಬಿಟ್ಟಿದ್ದರು.