ಹಾಲು ಕೊಟ್ಟವಳಿಗೆ ದುವಾ ಇಲ್ಲ

ನೀರಿನ ಬಿಸಿ ಹೆಚ್ಚಾಯಿತು, ಮೊಣಕೈ ಸುಡುತ್ತಿದೆ, ಸುಡಲಿ ಎಂದುಕೊಂಡಳು ಗುಯಿಲಾನ್, ಚೀನಾದ ಕೈಫೆಂಗ್‌ನ ಹೆಂಗಸರ ಮಸೀದಿಗೆ ಇಪ್ಪತ್ತೆಂಟು ವರ್ಷದಿಂದ ಅಹೋಂಗ್ ಆಗಿ ನಮಾಜು ಮಾಡಿಸಿ ಕುರಾನ್ ಓದಿಸುತ್ತಿರುವವಳು, ಇವತ್ತು ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಅವಳ ವುಝೂ ಕ್ರಮವೇ ತಪ್ಪುತ್ತಿದೆ, ಬಲಗೈ ಆಯಿತೇ, ಎಡಗೈಯೇ — ಬೆನ್ನ ಹಿಂದೆ ಲೀಹುವಾ ನಿಂತಿದ್ದಾಳೆ, ತೊಲಗುವುದಿಲ್ಲ, ಸುದ್ದಿ ತಂದವಳೂ ಅವಳೇ, ಎಷ್ಟು ಸಂತೋಷದಿಂದ ತಂದಳು, ಅಹೋಂಗ್, ಎದುರು ಮನೆ ಗೆಂಗ್ ಅಜ್ಜಿ ಬೆಳಿಗ್ಗೆ ತೀರ್ಕೊಂಡ್ರಂತೆ, ನಿಮಗೆ ಹಾಲು ಕೊಟ್ಟೋರಲ್ವಾ, ಅವರ ಕ್ಷಮೆಗೆ ದುವಾ ಕೇಳ್ತೀರಾ? ಹಾವು. ಹಾವಿಗೆ ಹಲ್ಲು ಕೊಟ್ಟವಳು ತಾನೇ — ಆರು ವರ್ಷದ ಹಿಂದೆ ಲೀಹುವಾ ಇಲ್ಲೇ ಕೂತು ಅತ್ತಿದ್ದಳು, ಹಾನ್ ಮನೆಯಿಂದ ಸೊಸೆಯಾಗಿ ಬಂದು ಕಲಿಮಾ ಹೇಳಿ ಮುಸಲ್ಮಾನಳಾದವಳು, ಬುದ್ಧನಿಗೆ ಊದುಬತ್ತಿ ಹಚ್ಚುತ್ತಿದ್ದ ಅಪ್ಪ ಸತ್ತಿದ್ದ, ಅವನಿಗೆ ಕ್ಷಮೆ ಬೇಡಬಹುದಾ ಅಹೋಂಗ್, ಗುಯಿಲಾನ್ ಪುಟದಿಂದ ಕಣ್ಣೆತ್ತಿರಲಿಲ್ಲ, ನರಕದವರು ಅಂತ ಗೊತ್ತಾದ್ಮೇಲೆ ಹೆತ್ತೋರಿಗೂ ಬೇಡಬಾರದು, ವಾಕ್ಯ ಇದೆ, ಮೂಗು ಒರೆಸ್ಕೊ, ಪಾಠ ಶುರು ಮಾಡ್ತೀನಿ.

ಹಸಿವಿನ ವರ್ಷ, ತಾನಿನ್ನೂ ಎಳೆಗೂಸು, ಅಮ್ಮನ ಎದೆ ಬತ್ತಿತ್ತು, ಗೆಂಗ್ ಅಮ್ಮನ ಕೂಸು ಸತ್ತು ಮೂರು ದಿನ, ಹಾಲಿನ್ನೂ ನಿಂತಿರಲಿಲ್ಲ, ತಾ ಇಲ್ಲಿ, ದೇವರು ಯಾರದಾದ್ರೇನು, ಹಾಲು ಹಾಲೇ ಅಂದಳಂತೆ — ಹಾಲು ಕೊಟ್ಟವಳು ತಾಯಿ, ಅದೂ ಶಾಸ್ತ್ರವೇ, ಅದೇ ಶಾಸ್ತ್ರ ಆ ತಾಯಿಯನ್ನು ಬೆಂಕಿಗೆ — ಇಲ್ಲ, ಇನ್ನೊಂದು ಮಾತಿದೆ, ಹಿರಿಯರು ಬರೆದಿದ್ದಾರೆ, ಸಂದೇಶ ಮುಟ್ಟದವರಿಗೆ ಶಿಕ್ಷೆಯಿಲ್ಲ, ಹಾಗಾದರೆ ಲೀಹುವಾಳಿಗೆ ಅದನ್ನು ಯಾಕೆ ಹೇಳಲಿಲ್ಲ, ಸೊಕ್ಕು, ಒಂದು ಗಂಟೆಯ ಪಾಠ ಕೆಡುತ್ತಿತ್ತು, ಅಷ್ಟೆ — ಏನು ಅಹೋಂಗ್, ವಾಕ್ಯ ಮರೆತುಹೋಯ್ತಾ? ಬಾಯ್ಮುಚ್ಚು, ಅವಳಿಗೆ ಸಂದೇಶ ಮುಟ್ಟಲೇ ಇಲ್ಲ ಕಣೇ. ಲೀಹುವಾ ನಕ್ಕಳು. ಇಲ್ಲಿಂದ ಐವತ್ತು ಹೆಜ್ಜೆ ಆ ಮನೆ, ಮುಟ್ಟಿಸ್ಬೇಕಾಗಿದ್ದೋರು ಯಾರು?

ಗುಯಿಲಾನ್ ಅವಳ ಎದುರಿಗೇ ದುವಾಕ್ಕೆ ಕೈ ಎತ್ತಿದಳು, ನೋಡಲಿ, ಊರಿಗೆಲ್ಲ ಹೇಳಲಿ, ಕ್ಷಮಿಸು ಎಂಬ ಶಬ್ದ ನಾಲಿಗೆಗೆ ಬಂತು, ಯಾರನ್ನು, ಗೆಂಗ್ ಅಮ್ಮನನ್ನೋ ತನ್ನನ್ನೋ — ಅವಳು ಕೇಳಿದ್ದಳಲ್ಲ, ಹೋದ ಚಳಿಗಾಲ, ಮಗಳೇ, ನಿಮ್ಮ ಸ್ವರ್ಗದಲ್ಲಿ ನಂಗೊಂದು ಮೂಲೆ ಸಿಗುತ್ತಾ, ಮೊದಲು ಹಂದಿ ಬೇಯಿಸಿದ ಪಾತ್ರೆ ತೊಳ್ಕೊ ಅಮ್ಮ, ಆಮೇಲೆ ನೋಡೋಣ, ತಮಾಷೆಗೆ ಅಂದದ್ದು, ಬರೀ ತಮಾಷೆಗೆ, ಮರುದಿನ ಪಾಠದ ಹೊತ್ತಿಗೆ ಎಂಬತ್ತರ ಮುದುಕಿ ಹೊಸ್ತಿಲಾಚೆ, ಒಳಗೆ ಕಾಲಿಡದೆ, ಉಜ್ಜಿ ಉಜ್ಜಿ ಬೆರಳ ಸಂದು ಒಡೆದಿತ್ತು, ನೋಡು, ತೊಳ್ದಿದೀನಿ, ಈಗ ಪಾಠ ಇದೆ ಅಮ್ಮ, ಆಮೇಲೆ ಬಾ — ಶಬ್ದ ಮುಂದೆ ಹೋಗುವುದಿಲ್ಲ, ಪಾತ್ರೆ ಅಡ್ಡ ಬರುತ್ತದೆ, ಕಣ್ಣು ಮುಚ್ಚಿದರೂ ಪಾತ್ರೆ, ತೆರೆದರೂ ಪಾತ್ರೆ, ತಳ ಕಾಣಲೆಂದು ಇತ್ತ ಓರೆ ಮಾಡಿ ಹಿಡಿದ, ಥಳಥಳ ಹೊಳೆಯುವ, ಖಾಲಿ ಪಾತ್ರೆ